ರಾಗಿ ಡಬ್ಬದಲ್ಲಿ ಫೋನು

ಶಿರಾ ತಾಲ್ಲೂಕಿನ ಗೌಡಗೆರೆ ಸೀಮೆಯಲ್ಲಿ ಬೋರ್ ಕೊರೆಸಿದವನ ಕಣ್ಣಿಗೆ ಬೀಳದ ನೀರು ಫೋನಿಗೆ ಮಾತ್ರ ತಪ್ಪದೆ ಸಿಗುತ್ತದೆ! ದನದ ತೊಟ್ಟಿಗೆ ಬಗ್ಗಿದರೆ ಸಾಕು, ಅಂಗಿ ಜೇಬಿನಿಂದ ಬುಳುಕ್. ಆಮೇಲೆ ಊರೆಲ್ಲ ಡಾಕ್ಟರು. “ಅಕ್ಕಿಯೊಳಗೆ ಹೂತಿಡಣ್ಣ” ಅಂತ ಒಬ್ಬ. “ನಮ್ ಕಡೆಗೆ ರಾಗಿನೇ ಸರಿ ಕಣ್ಲಾ” ಅಂತ ಅಜ್ಜಿ.

ಅಕ್ಕಿ ಬೇಡ, ಅದರ ಚೂರು ಒಳಹೊಕ್ಕು ಫೋನು ಕೆಟ್ಟೀತು ಎಂದು 2024ರಲ್ಲಿ ಆಪಲ್ ಕಂಪನಿಯೇ ಹೇಳಿತು. ರಾಗಿಯ ಬಗ್ಗೆ ತುಟಿ ಬಿಚ್ಚಲಿಲ್ಲ. ಅಜ್ಜಿಗೆ ಅಷ್ಟೇ ಸಾಕು. ಚಾರ್ಜಿಂಗ್ ತೂತಿಗೆ ಸಿಕ್ಕಿಕೊಂಡ ರಾಗಿಕಾಳನ್ನು ಹೊರತೆಗೆಯುವವರು ಯಾರು, ಅದು ಬೇರೆ ಮಾತು.

ನೀರಿಗಿಂತ ಕೇಡು, ಒದ್ದೆಯಲ್ಲೇ ಚಾರ್ಜಿಗೆ ಹಾಕಿ ನೋಡುವ ಆತುರ. ಆಫ್ ಮಾಡಿ, ತೂತು ಕೆಳಗಾಗಿ ಹಿಡಿದು ಮೆಲ್ಲಗೆ ತಟ್ಟಿ, ಗಾಳಿಗಿಡಿ. ರಾಗಿ ಮುದ್ದೆಗಿರಲಿ.