ಕ್ಲೇಮು ಮೀಮಾಂಸೆ

ಆರೋಗ್ಯ ವಿಮೆಯ ಪಾಲಿಸಿಯೆಂಬುದು ಕಾಯಿಲೆ ಬೀಳದವರಿಗಾಗಿ ರಚಿತವಾದ ಒಂದು ಗದ್ಯಪ್ರಕಾರ. ಭಾಷೆ ಇಂಗ್ಲಿಷು, ಪುಟ ತಿರುಗಿದಂತೆ ಅಕ್ಷರ ಕಿರಿದಾಗುತ್ತ ಹೋಗುವುದು ಇದರ ಮುಖ್ಯ ಲಕ್ಷಣ. ಭಾರತದಲ್ಲಿ ಈ ಪ್ರಕಾರ ಬೇರೂರಿದ್ದು 1986ರಲ್ಲಿ, ಸರ್ಕಾರಿ ಸ್ವಾಮ್ಯದ ನಾಲ್ಕು ಸಾಮಾನ್ಯ ವಿಮಾ ಕಂಪನಿಗಳು ‘ಮೆಡಿಕ್ಲೇಮ್’ ಎಂಬ ಆದಿಕೃತಿಯನ್ನು ಹೊರತಂದಾಗ. 1999ರ ಕಾಯ್ದೆ ವಿಮಾ ನಿಯಂತ್ರಣ ಪ್ರಾಧಿಕಾರವನ್ನು ಸ್ಥಾಪಿಸಿ ಖಾಸಗಿಯವರಿಗೂ ಬಾಗಿಲು ತೆರೆದ ಮೇಲೆ ಕೃತಿಗಳು ಹೆಚ್ಚಿದವು, ಶೈಲಿ ಇನ್ನಷ್ಟು ಬಿಗಿಯಾಯಿತು.

ಈ ವಾಙ್ಮಯದಲ್ಲಿ ಕಂಪನಿ ಮೂಲಕಾರ, ಓದದೆ ಸಹಿ ಹಾಕುವ ಪಾಲಿಸಿದಾರ ಸಹೃದಯ. ಇವರಿಬ್ಬರ ನಡುವೆ ನಿಂತು ಅರ್ಥ ಹೇಳುವ ಭಾಷ್ಯಕಾರನಿಗೆ ಟಿಪಿಎ (ಥರ್ಡ್ ಪಾರ್ಟಿ ಅಡ್ಮಿನಿಸ್ಟ್ರೇಟರ್) ಎಂದು ಹೆಸರು. 2001ರ ನಿಯಮಾವಳಿ ಇವನಿಗೆ ಪೀಠ ಕಟ್ಟಿಕೊಟ್ಟಿತು. ಗ್ರಂಥಕ್ಕೊಬ್ಬ ಭಾಷ್ಯಕಾರ ಬೇಕೆಂಬುದು ಈ ನೆಲದ ಹಳೆಯ ರೂಢಿಯೇ ಆದರೂ ಇಲ್ಲಿ ಭಾಷ್ಯಕಾರನ ಶುಲ್ಕ ಮೂಲಕಾರನಿಂದ ಬರುತ್ತದೆಂಬುದನ್ನು ಜಿಜ್ಞಾಸುಗಳು ಗಮನಿಸಬೇಕು. ಇದರ ಪಕ್ಕದಲ್ಲಿ ಏಜೆಂಟರ ಮೌಖಿಕ ಪರಂಪರೆಯೊಂದು ಸಾಗಿಬಂದಿದೆ. ‘ಎಲ್ಲಾ ಕವರ್ ಆಗುತ್ತೆ ಸಾರ್’ ಎಂಬುದು ಅದರ ಮಹಾವಾಕ್ಯ. ಮೌಖಿಕಕ್ಕೂ ಲಿಖಿತಕ್ಕೂ ವಿರೋಧ ಬಂದಲ್ಲಿ ಲಿಖಿತವೇ ಬಲವತ್ತರ. ವಿರೋಧ ಇದೆಯೆಂಬುದು ಬೆಳಕಿಗೆ ಬರುವ ಸ್ಥಳ ಮಾತ್ರ ಆಸ್ಪತ್ರೆಯ ಬಿಲ್ಲಿಂಗ್ ಕೌಂಟರು.

ಕರ್ಮಪ್ರಕರಣ

ಕರ್ಮ ಮೂರು ಬಗೆ: ಸಂಚಿತ, ಪ್ರಾರಬ್ಧ, ಆಗಾಮಿ. ವಿಮಾಶಾಸ್ತ್ರ ಈ ವಿಂಗಡಣೆಯನ್ನು ಕೆಡಿಸದೆ ಉಳಿಸಿಕೊಂಡಿದೆ.

ಪಾಲಿಸಿ ಕೊಳ್ಳುವ ಹಿಂದಿನ 36 ತಿಂಗಳಲ್ಲಿ ವೈದ್ಯರು ಪತ್ತೆಹಚ್ಚಿದ ಅಥವಾ ಮದ್ದು ಬರೆದುಕೊಟ್ಟ ರೋಗವೆಲ್ಲ ಸಂಚಿತ. ಬಿಪಿ, ಶುಗರು, ಥೈರಾಯ್ಡ್ ಇದರಲ್ಲಿ ಸೇರುತ್ತವೆ. ಇದರ ಫಲವನ್ನು ಜೀವನು ಸ್ವಂತ ಖರ್ಚಿನಲ್ಲೇ ಉಂಡು ತೀರಿಸಬೇಕು. ಭೋಗದ ಅವಧಿ ಮೊದಲು ನಾಲ್ಕು ವರ್ಷದವರೆಗೂ ಇತ್ತು; 2024ರ ಏಪ್ರಿಲಿನಿಂದ ಗರಿಷ್ಠ ಮೂರು. ಪ್ರಾರಬ್ಧ ಎಂಬುದು ಕಣ್ಣಿನ ಪೊರೆ, ಹರ್ನಿಯಾ, ಮೂಲವ್ಯಾಧಿ, ಮೂತ್ರಪಿಂಡದ ಕಲ್ಲು, ಮೊಣಕಾಲ ಕೀಲು ಮುಂತಾದವುಗಳ ಪಟ್ಟಿ. ಇವು ಪಾಲಿಸಿ ಬಂದ ನಂತರವೇ ಹುಟ್ಟಿದ್ದರೂ ಸಾಮಾನ್ಯವಾಗಿ ಎರಡು ವರ್ಷ ಕಾಯಬೇಕು. ಕಲ್ಲಿಗೆ ಈ ನಿಯಮ ಗೊತ್ತಿಲ್ಲದಿರುವುದು ಶಾಸ್ತ್ರದ ದೋಷವಲ್ಲ. ಇನ್ನು ಆಗಾಮಿ: ಮೊದಲ ಮೂವತ್ತು ದಿನ ಅಪಘಾತವೊಂದನ್ನು ಬಿಟ್ಟು ಬೇರಾವ ಕಾಯಿಲೆಗೂ ಮಾನ್ಯತೆಯಿಲ್ಲ. ಹೊಸ ಪಾಲಿಸಿದಾರ ಡೆಂಗಿ ಸೊಳ್ಳೆಯ ಕೈಗೆ ಸಿಗದೆ ಬಿಎಂಟಿಸಿ ಬಸ್ಸಿಗೆ ಸಿಕ್ಕರೆ ಅದು ಶಾಸ್ತ್ರಸಮ್ಮತ.

ನಾಲ್ಕನೆಯದೊಂದು ಇದೆ, ಪ್ರಾಚೀನರಿಗೆ ಹೊಳೆಯದ್ದು: ಅರ್ಜಿಯಲ್ಲಿ ಬರೆಯದ ಕರ್ಮ. ಪ್ರೀಮಿಯಂ ಕಟ್ಟಿಸಿಕೊಳ್ಳುವಾಗ ಈ ಬಗ್ಗೆ ಯಾರಿಗೂ ಅಷ್ಟಾಗಿ ಕುತೂಹಲವಿರುವುದಿಲ್ಲ. ಕ್ಲೇಮು ಬಂದ ಮರುದಿನ ಸಂಶೋಧನೆ ಶುರುವಾಗುತ್ತದೆ. ಅಡ್ಮಿಟ್ ಮಾಡುವ ಗಡಿಬಿಡಿಯಲ್ಲಿ ಡ್ಯೂಟಿ ಡಾಕ್ಟರು ಕೇಳಿದ್ದಕ್ಕೆ ರೋಗಿಯ ಅತ್ತೆ ‘ಶುಗರ್ರು ಐದಾರು ವರ್ಷದಿಂದ ಇರಬೌದು’ ಎಂದಿದ್ದರೆ, ಕೇಸ್ ಶೀಟಿನ ಆ ಒಂದು ಸಾಲು ಹಲ್ಮಿಡಿ ಶಾಸನಕ್ಕೆ ಸಮಾನವಾದ ದಾಖಲೆಯಾಗುತ್ತದೆ. ಆದರೂ ಮೋಕ್ಷಕ್ಕೆ ದಾರಿಯಿಲ್ಲದಿಲ್ಲ. ಅರವತ್ತು ತಿಂಗಳು ಎಡೆಬಿಡದೆ ಪ್ರೀಮಿಯಂ ಕಟ್ಟಿದವನ ಮೇಲೆ, ವಂಚನೆ ಸಾಬೀತಾದ ಹೊರತು, ರೋಗ ಮುಚ್ಚಿಟ್ಟನೆಂಬ ಆಕ್ಷೇಪ ನಿಲ್ಲದು. ಈ ಜೀವನ್ಮುಕ್ತ ಸ್ಥಿತಿಗೆ ಮೊರಾಟೋರಿಯಂ ಎಂದು ಹೆಸರು. ನಡುವೆ ಕಂತು ತಪ್ಪಿ ಗ್ರೇಸ್ ಅವಧಿಯೂ ಮೀರಿದರೆ ಜೀವನು ಮತ್ತೆ ಮೊದಲಿಂದ ಹುಟ್ಟಿಬರಬೇಕು.

ಪ್ರಮಾಣಪ್ರಕರಣ

ರೋಗ ಇತ್ತು ಎಂದು ತಿಳಿಯುವುದು ಹೇಗೆ? ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂಬ ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಪ್ರತ್ಯಕ್ಷ, ಅಂದರೆ ರೋಗಿಯ ನೋವು, ಈ ಶಾಸ್ತ್ರದಲ್ಲಿ ಅಗ್ರಾಹ್ಯ.

ಅನುಮಾನದ ಗತಿ ಸ್ವಲ್ಪ ಸೂಕ್ಷ್ಮ. ಎದೆನೋವೆಂದು ರಾತ್ರಿ ಎರಡು ಗಂಟೆಗೆ ಸೇರಿಸಿದರು, ಇಸಿಜಿ, ಎಕೋ, ರಕ್ತಪರೀಕ್ಷೆ ಎಲ್ಲ ಮಾಡಿದರು, ಹೃದಯ ಸರಿಯಿದೆ ಎಂದು ತಿಳಿಯಿತು. ಹೃದಯಾಘಾತ ಆಗಿದ್ದರೆ ಕ್ಲೇಮು ಸಿದ್ಧ. ಆಗಿಲ್ಲವಾದ್ದರಿಂದ ದಾಖಲಾತಿ ‘ಕೇವಲ ತಪಾಸಣೆಗಾಗಿ’ ಎಂದಾಗಿ, ಪ್ರಾಧಿಕಾರ ನಿಗದಿಪಡಿಸಿದ ಹೊರಗಿಡುವಿಕೆಗಳ ಪಟ್ಟಿಯಲ್ಲಿ ನಾಲ್ಕನೆಯದಕ್ಕೆ ಸಿಕ್ಕಿಬೀಳುತ್ತದೆ. ಎದೆನೋವು ಬಂದವನು ರೋಗನಿರ್ಣಯವನ್ನು ಮನೆಯಲ್ಲೇ ಮುಗಿಸಿಕೊಂಡು ಆಟೋ ಹತ್ತುವುದು ಶ್ರೇಯಸ್ಕರವೆಂದು ಒಂದು ಪಂಥದ ಮತ. ಉಪಮಾನ ಬಿಲ್ಲಿಗೆ ಅನ್ವಯಿಸುತ್ತದೆ: ಇದೇ ಪ್ರದೇಶದ ಇಂಥದೇ ಆಸ್ಪತ್ರೆಯಲ್ಲಿ ಇಂಥ ಆಪರೇಷನ್ನಿಗೆ ಇಷ್ಟೇ ರೂಢಿ, ಆದಕಾರಣ ಉಳಿದದ್ದು ಕಡಿತ. ಆ ಇನ್ನೊಂದು ಆಸ್ಪತ್ರೆ ಯಾವುದೆಂದು ಕೇಳುವುದು ಶಿಷ್ಟಾಚಾರವಲ್ಲ.

ಹೀಗಾಗಿ ಉಳಿಯುವುದು ಶಬ್ದಪ್ರಮಾಣ, ಅಂದರೆ ಕಾಗದ. ಮೂಲ ಬಿಲ್ಲು, ಹಣ ಸಂದಾಯದ ರಸೀದಿ, ಡಿಸ್ಚಾರ್ಜ್ ಸಮ್ಮರಿ, ಕೇಸ್ ಶೀಟಿನ ಪ್ರತಿ, ಸ್ಟೆಂಟು ಹಾಕಿದ್ದರೆ ಅದರ ಪೊಟ್ಟಣದ ಸ್ಟಿಕ್ಕರು. ಸ್ಟಿಕ್ಕರು ಕಳೆದುಹೋದರೆ ಎದೆಯೊಳಗಿನ ಸ್ಟೆಂಟು ತಾರ್ಕಿಕವಾಗಿ ಇಲ್ಲ. ಇಷ್ಟೆಲ್ಲ ಇದ್ದೂ ಕಾಲ ಕೂಡಿಬರಬೇಕು: ಡೇ ಕೇರ್ ಪಟ್ಟಿಯಲ್ಲಿರುವ ಚಿಕಿತ್ಸೆಗಳನ್ನು ಬಿಟ್ಟರೆ ಇಪ್ಪತ್ತನಾಲ್ಕು ಗಂಟೆ ಹಾಸಿಗೆ ಹಿಡಿಯದ ರೋಗ ರೋಗವಲ್ಲ.

ತಾರತಮ್ಯ

ಮುಕ್ತಿಯಲ್ಲೂ ತಾರತಮ್ಯ ಉಂಟೆಂದು ಉಡುಪಿಯ ಆಚಾರ್ಯರು ಸಾಧಿಸಿದ್ದು ಆಸ್ಪತ್ರೆಗಳಿಗೆ ಪೂರ್ತಿ ಒಪ್ಪಿತ. ಜನರಲ್ ವಾರ್ಡು, ಟ್ವಿನ್ ಶೇರಿಂಗು, ಪ್ರೈವೇಟು, ಡೀಲಕ್ಸು, ಸ್ವೀಟು ಎಂಬ ಕಕ್ಷ್ಯೆಗಳಿವೆ. ಹಲವು ಪಾಲಿಸಿಗಳಲ್ಲಿ ದಿನದ ಕೊಠಡಿ ಬಾಡಿಗೆಗೆ ವಿಮಾ ಮೊತ್ತದ ಶೇಕಡಾ ಒಂದು ಎಂಬ ಮಿತಿಯುಂಟು. ಐದು ಲಕ್ಷದ ಪಾಲಿಸಿದಾರ ದಿನಕ್ಕೆ 5,000 ರೂಪಾಯಿಯ ಕೋಣೆಗೆ ಅರ್ಹ. ಅದು ಖಾಲಿಯಿಲ್ಲವೆಂದು 10,000ದ ಕೋಣೆಗೆ ಹಾಕಿದರೆ ಕೈಯಿಂದ ಹೋಗುವುದು ಬಾಡಿಗೆಯ ವ್ಯತ್ಯಾಸವಷ್ಟೇ ಎಂದು ಪಾಮರರು ಭಾವಿಸುತ್ತಾರೆ. ಸಿದ್ಧಾಂತ ಬೇರೆ. ಸರ್ಜನ್ನರ ಫೀಸು, ಅರಿವಳಿಕೆ, ನರ್ಸಿಂಗು, ಆಪರೇಷನ್ ಥಿಯೇಟರು ಇವೆಲ್ಲವೂ ಅದೇ ಅನುಪಾತದಲ್ಲಿ ಅರ್ಧಕ್ಕಿಳಿಯುತ್ತವೆ. ಕಿಟಕಿಯ ಪಕ್ಕದಲ್ಲಿ ಮಲಗಿದವನ ಅಪೆಂಡಿಕ್ಸಿಗೆ ಕತ್ತರಿ ಅರ್ಧವೇ ಹಾಕಲ್ಪಟ್ಟಿತು ಎಂಬುದು ಇದರ ತಾತ್ಪರ್ಯ. ಔಷಧಿ, ಇಂಪ್ಲಾಂಟು, ತಪಾಸಣೆಗಳನ್ನು ಪ್ರಾಧಿಕಾರ ಈ ಲೆಕ್ಕದಿಂದ ಹೊರಗಿಟ್ಟಿರುವುದು ಕಲಿಯುಗದ ಒಂದು ರಿಯಾಯಿತಿ.

ಅರವತ್ತೆಂಟು ಪದಾರ್ಥಗಳು

ವೈಶೇಷಿಕರು ಜಗತ್ತನ್ನು ಏಳು ಪದಾರ್ಥಗಳಲ್ಲಿ ಮುಗಿಸಿದರು. ವಿಮಾಶಾಸ್ತ್ರಕ್ಕೆ, ಕೊಡಬೇಕಿಲ್ಲದ್ದನ್ನು ಹೇಳುವುದಕ್ಕೇ ಅರವತ್ತೆಂಟು ಬೇಕಾದವು. ಪ್ರಾಧಿಕಾರದ ಈ ಪಟ್ಟಿ ವರ್ಗೀಕರಣ ವಿಜ್ಞಾನದ ಅಪೂರ್ವ ನಿದರ್ಶನ. ಕೈಗವಸು, ಮಾಸ್ಕು, ಥರ್ಮಾಮೀಟರು, ಕ್ರೇಪ್ ಬ್ಯಾಂಡೇಜು, ಇಸಿಜಿ ಎಲೆಕ್ಟ್ರೋಡು, ನೆಬ್ಯುಲೈಸರ್ ಕಿಟ್ಟು, ಆಮ್ಲಜನಕದ ಮುಖವಾಡ ಎಲ್ಲವೂ ಇಲ್ಲಿವೆ. ಆಪರೇಷನ್ನಿಗೆ ಹಣ ಸಂದರೂ ಸರ್ಜನ್ನರ ಕೈಗವಸಿಗೆ ಸಲ್ಲದು. ಬರಿಗೈಯಲ್ಲಿ ಕೊಯ್ಯುವುದು ಶಾಸ್ತ್ರಕ್ಕೆ ಹತ್ತಿರ, ಆದರೆ ಆಗ ಸೋಂಕು ತಗುಲಿ ಎರಡನೆಯ ಕ್ಲೇಮು ಹುಟ್ಟುವ ಅಪಾಯವುಂಟು. ಸೌಂದರ್ಯ ಸೇವೆ, ಮಿನರಲ್ ವಾಟರು, ಟಿವಿ ಶುಲ್ಕಗಳೂ ಇದೇ ಪಂಕ್ತಿಯಲ್ಲಿ ಕೂತಿವೆ; ಸೌಂದರ್ಯ ಸೇವೆಗೂ ನೆಬ್ಯುಲೈಸರಿಗೂ ಸಮಾನಧರ್ಮ ಯಾವುದೆಂಬುದು ಚರ್ಚಾಸ್ಪದ. ಜೆರಾಕ್ಸ್ ಖರ್ಚು, ಸರ್ಟಿಫಿಕೇಟ್ ಖರ್ಚು, ಕೊರಿಯರ್ ಖರ್ಚು ಸಲ್ಲವು, ಆದರೆ ಜೆರಾಕ್ಸು, ಸರ್ಟಿಫಿಕೇಟು ತರದಿದ್ದರೆ ಕ್ಲೇಮೂ ಸಲ್ಲದು. ಪಟ್ಟಿಯ ಮೂವತ್ತಮೂರನೆಯದು ಶವಾಗಾರದ ಶುಲ್ಕ. ಚಿಕಿತ್ಸೆ ವಿಫಲವಾದುದರ ಖರ್ಚನ್ನು ಚಿಕಿತ್ಸಾ ವೆಚ್ಚವೆನ್ನಲಾಗದು ಎಂಬ ತರ್ಕದಲ್ಲಿ ಲೋಪ ಹುಡುಕುವುದು ಕಷ್ಟ.

ಕ್ಯಾಶ್‌ಲೆಸ್ ಕೋರಿಕೆಗೆ ಒಂದು ಗಂಟೆಯೊಳಗೆ, ಡಿಸ್ಚಾರ್ಜಿಗೆ ಮೂರು ಗಂಟೆಯೊಳಗೆ ಉತ್ತರ ಬರಬೇಕೆಂದು 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ; ತಡವಾದರೆ ಆ ಹೆಚ್ಚುವರಿ ಬಾಡಿಗೆ ಕಂಪನಿಯದು. ಒಪ್ಪಿಗೆ ಬರುವ ಮೊದಲು ‘ಕ್ವೆರಿ’ ಬರುವುದು ವಾಡಿಕೆ. ಅತೃಪ್ತರು ಮೊದಲು ಕಂಪನಿಗೇ ದೂರಿ, ಒಂದು ತಿಂಗಳು ಕಾದು, ಆಮೇಲೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರ ಅಗತ್ಯವೂ ಇಲ್ಲ. ಇಷ್ಟು ಸರಳವಾದ ಉಪಾಯವಾದ್ದರಿಂದಲೇ ಇದು ಹೆಚ್ಚು ಜನರಿಗೆ ತಿಳಿದಿಲ್ಲ.

ಮತತ್ರಯ

ಪ್ರೀಮಿಯಂ ಕಟ್ಟಲಾರದವರ ಗತಿಯೇನು, ಸರ್ಕಾರವೇ ಚಿಕಿತ್ಸೆ ಕೊಡಬೇಕೆ ಎಂಬ ಪ್ರಶ್ನೆಗೆ ಮೂರು ದರ್ಶನಗಳಿವೆ.

ಸರ್ಕಾರ ಮತ್ತು ಆಸ್ಪತ್ರೆ ಎರಡಲ್ಲ ಎಂಬುದು ಅದ್ವೈತ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯಿತ್ತ ಭೋರ್ ಸಮಿತಿ ಇದರ ಪ್ರಸ್ಥಾನ. ದುಡ್ಡಿಲ್ಲದ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು, ಅಲ್ಪಾವಧಿಯಲ್ಲಿ ನಲವತ್ತು ಸಾವಿರ ಜನರಿಗೊಂದು ಪ್ರಾಥಮಿಕ ಆರೋಗ್ಯ ಕೇಂದ್ರ ಬೇಕು, ವೈದ್ಯರು ಸರ್ಕಾರಿ ಸಂಬಳದವರಾಗಿರಬೇಕು ಎಂದು ಅದು ಹೇಳಿತು. ಬ್ರಿಟನ್ ತನ್ನ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಆರಂಭಿಸಿದ್ದು ಅದಾದ ಮೇಲೆ, 1948ರ ಜುಲೈ 5ರಂದು. ಅವರು ದುಡ್ಡು ಇಟ್ಟರು, ಇಲ್ಲಿ ವರದಿಯನ್ನು ಇಟ್ಟುಕೊಳ್ಳಲಾಯಿತು. ಅದ್ವೈತಿಗಳು ಸತ್ಯವನ್ನು ಎರಡು ಸ್ತರದಲ್ಲಿ ಒಪ್ಪುವುದರಿಂದ ಸರ್ಕಾರಿ ಆಸ್ಪತ್ರೆಯನ್ನು ಅರ್ಥೈಸುವುದು ಸುಲಭ: ಮಂಜೂರಾದ ಹುದ್ದೆ ಪಾರಮಾರ್ಥಿಕ ಸತ್ಯ, ಖಾಲಿ ಕುರ್ಚಿ ವ್ಯಾವಹಾರಿಕ ಸತ್ಯ. ಸ್ಕ್ಯಾನಿಂಗ್ ಯಂತ್ರವಿದ್ದು ಅದನ್ನು ನಡೆಸುವವರಿಲ್ಲದ ಸ್ಥಿತಿಯನ್ನು ಇದೆ ಎನ್ನಲೂ ಬಾರದು, ಇಲ್ಲ ಎನ್ನಲೂ ಬಾರದು, ಅನಿರ್ವಚನೀಯ. ಹಾಗೆಂದು ದರ್ಶನವನ್ನೇ ತಳ್ಳಿಹಾಕುವಂತಿಲ್ಲ. ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ಗಳ ಮುಂದೆ ಬೆಳಗಿನ ಜಾವದಲ್ಲೇ ನಿಲ್ಲುವ ಸರದಿ, ಈ ಮತದ ಅನುಯಾಯಿಗಳು ಇನ್ನೂ ಎಷ್ಟಿದ್ದಾರೆ ಎಂಬುದಕ್ಕೆ ಸಾಕ್ಷಿ.

ದ್ವೈತಕ್ಕೆ ಸರ್ಕಾರ ಬೇರೆ, ಆಸ್ಪತ್ರೆ ಬೇರೆ. ಪಂಚಭೇದಗಳು ಇಲ್ಲಿಯೂ ಉಂಟು: ಸರ್ಕಾರಕ್ಕೂ ಆಸ್ಪತ್ರೆಗೂ ಭೇದ, ಆಸ್ಪತ್ರೆಗೂ ರೋಗಿಗೂ ಭೇದ, ರೋಗಿಗೂ ರೋಗಿಗೂ ಭೇದ, ರೋಗಿಯ ಶಕ್ತಿಗೂ ಬಿಲ್ಲಿಗೂ ಭೇದ, ಅಂದಾಜು ಬಿಲ್ಲಿಗೂ ಕೊನೆಯ ಬಿಲ್ಲಿಗೂ ಭೇದ. ಈ ಮತದ ಮಹಾವಾದ ಕರ್ನಾಟಕದಲ್ಲಿ 2017ರ ನವೆಂಬರಿನಲ್ಲಿ ನಡೆಯಿತು. ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು ದರ ನಿಗದಿ ಮಾಡಲು, ತಪ್ಪಿದರೆ ಜೈಲು ವಿಧಿಸಲು ಸರ್ಕಾರ ಹೊರಟಾಗ ಖಾಸಗಿ ಆಸ್ಪತ್ರೆಗಳು ಹೊರರೋಗಿ ವಿಭಾಗ ಮುಚ್ಚಿ, ವೈದ್ಯರು ಬೆಳಗಾವಿಗೆ ಹೋಗಿ ಕೂತರು. ಬೆಳಗಾವಿ ಅಧಿವೇಶನದಲ್ಲಿ ಪಾಸಾದ ಮಸೂದೆಯಲ್ಲಿ ಹಲ್ಲುಗಳ ಸಂಖ್ಯೆ ಕಡಿಮೆಯಿತ್ತು. 2023ರಲ್ಲಿ ರಾಜಸ್ಥಾನ ಆರೋಗ್ಯದ ಹಕ್ಕಿನ ಕಾಯ್ದೆ ತಂದಾಗಲೂ ಇದೇ ವಾದ, ಇದೇ ಫಲ. ರಿಯಾಯಿತಿ ದರದ ಸರ್ಕಾರಿ ಜಮೀನು ಪಡೆಯುವಾಗ ಮಾತ್ರ ದ್ವೈತಿಗಳು ತಾತ್ಕಾಲಿಕವಾಗಿ ಅಭೇದವನ್ನು ಒಪ್ಪುತ್ತಾರೆ.

ಆಸ್ಪತ್ರೆ ಶರೀರ, ಸರ್ಕಾರ ಅದರೊಳಗಿದ್ದು ಹಣ ಕೊಡುವ ಶರೀರಿ ಎಂಬುದು ವಿಶಿಷ್ಟಾದ್ವೈತ. ಈಗ ಚಾಲ್ತಿಯಲ್ಲಿರುವುದು ಇದೇ. ಡಾ. ದೇವಿ ಶೆಟ್ಟಿಯವರ ಕಲ್ಪನೆಯಿಂದ 2003ರಲ್ಲಿ ಸಹಕಾರ ಸಂಘಗಳ ರೈತರಿಗಾಗಿ ಆರಂಭವಾದ ಯಶಸ್ವಿನಿ, ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿಗೆ ಆಪರೇಷನ್ ಮಾಡಿಸಿತು, ನಡುವೆ ವಿಮಾ ಕಂಪನಿಯೇ ಇಲ್ಲದೆ. 2010ರಲ್ಲಿ ಕಲಬುರಗಿ ವಿಭಾಗದಿಂದ ವಾಜಪೇಯಿ ಆರೋಗ್ಯಶ್ರೀ ಬಂತು. ಇದರ ಬಗ್ಗೆ ಅಣಕವಾಡುವುದು ಕಷ್ಟ: ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದ ಬಡ ಕುಟುಂಬಗಳಲ್ಲಾದ ಸಾವು ಯೋಜನೆಯಿಲ್ಲದ ಹಳ್ಳಿಗಳಿಗಿಂತ ಶೇ 64ರಷ್ಟು ಕಡಿಮೆಯೆಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಅಧ್ಯಯನ ತೋರಿಸಿತು. 2018ರಲ್ಲಿ ಆರೋಗ್ಯ ಕರ್ನಾಟಕವೂ ಕೇಂದ್ರದ ಆಯುಷ್ಮಾನ್ ಭಾರತವೂ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ; ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ಒಟ್ಟು ಒಂದೂವರೆ ಲಕ್ಷದ ಮಿತಿ. ಎಪಿಎಲ್‌ನವನು ಮೂವತ್ತು ಪೈಸೆ ಭಕ್ತ, ಎಪ್ಪತ್ತು ಪೈಸೆ ಗಿರಾಕಿ. ತುರ್ತಿಲ್ಲದಿದ್ದರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿ ಆ ಸೌಲಭ್ಯವಿಲ್ಲ ಎಂದು ಬರೆಸಿಕೊಂಡು ರೆಫರಲ್ ಚೀಟಿ ತರಬೇಕು. ‘ಇಲ್ಲ’ ಎಂಬುದಕ್ಕೆ ಸೀಲು ಹಾಕಿಸಿಕೊಳ್ಳುವ ಈ ಸಾಧನೆಗೆ ಶ್ರೀವೈಷ್ಣವರಲ್ಲಿ ಪ್ರಪತ್ತಿ ಎನ್ನುತ್ತಾರೆ. ರೇಷನ್ ಕಾರ್ಡು, ಆಧಾರ್ ಜೊತೆಗಿರಬೇಕು. ಪ್ಯಾಕೇಜ್ ದರ ಸಾಲದೆಂದು, ಬಾಕಿ ಬಂದಿಲ್ಲವೆಂದು ಶರೀರ ಆಗಾಗ ಶರೀರಿಯ ಮೇಲೆ ಮುನಿಸಿಕೊಳ್ಳುವುದುಂಟು.

ಮೂರು ಮತಗಳ ವಾದವನ್ನು ತೂಗಿ 2011ರಲ್ಲಿ ಕೆ. ಶ್ರೀನಾಥ ರೆಡ್ಡಿ ಅಧ್ಯಕ್ಷತೆಯ ತಜ್ಞರ ತಂಡ, ತೆರಿಗೆ ಹಣದಿಂದಲೇ ಸೇವೆ ಕೊಡಿ, ನಡುವೆ ವಿಮಾ ಕಂಪನಿ ಬೇಡ ಎಂದು ಯೋಜನಾ ಆಯೋಗಕ್ಕೆ ಬರೆದುಕೊಟ್ಟಿತು. ಮುಂದೆ ಆಯೋಗವೇ ಇಲ್ಲವಾಯಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ, 2025ರ ಹೊತ್ತಿಗೆ ಸರ್ಕಾರಿ ವೆಚ್ಚ ಜಿಡಿಪಿಯ ಶೇ 2.5 ಆಗಬೇಕೆಂದಿತು, 2021–22ರ ಲೆಕ್ಕದಲ್ಲಿ ಅದು ಶೇ 1.84. ಇತ್ತ ವೈಯಕ್ತಿಕ ಪಾಲಿಸಿಗಳ ಮೇಲಿನ ಶೇ 18ರ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಲಾಗಿದೆ. ಪಾಲಿಸಿ ಕೊಳ್ಳಲಾಗದವನಿಗೆ ಇದರಿಂದ ಉಳಿದದ್ದು ಸೊನ್ನೆಯ ಮೇಲಿನ ಶೇ 18.

ಹೊರರೋಗಿಯ ವಿಚಾರ

ಅದೇ 2021–22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದ ಶೇ 39.4ನ್ನು ಜನ ನೇರವಾಗಿ ಕೈಯಿಂದಲೇ ಕೊಟ್ಟರು. ಇದರಲ್ಲಿ ಅತಿ ದೊಡ್ಡ ಪಾಲು ಔಷಧಿಯದು. ಜ್ವರಕ್ಕೆ, ಕೆಮ್ಮಿಗೆ, ಬಿಪಿ ಶುಗರಿಗೆ ಮೆಡಿಕಲ್ ಶಾಪಿನಲ್ಲಿ ಪಟ್ಟಿಯಿಂದ ನಾಲ್ಕೇ ಮಾತ್ರೆ ಕತ್ತರಿಸಿಕೊಂಡು ಹೋಗುವವನು ಇಪ್ಪತ್ತನಾಲ್ಕು ಗಂಟೆ ಹಾಸಿಗೆಯ ಮೇಲೆ ಮಲಗಿಲ್ಲವಾದ್ದರಿಂದ ಸಾಮಾನ್ಯ ಖಾಸಗಿ ಪಾಲಿಸಿಯೂ ಸರ್ಕಾರಿ ಕಾರ್ಡೂ ಅವನನ್ನು ರೋಗಿಯೆಂದು ಗುರುತಿಸುವುದಿಲ್ಲ. ದ್ವೈತ, ವಿಶಿಷ್ಟಾದ್ವೈತಗಳು ಏಕಮತವಾಗಿರುವುದು ಇದೊಂದರಲ್ಲಿ. ಅದ್ವೈತಿಗಳು ಸರ್ಕಾರಿ ಆಸ್ಪತ್ರೆಯಲ್ಲಿ ಈ ಮಾತ್ರೆಗಳನ್ನು ಬಿಟ್ಟಿಯಾಗಿ ಕೊಡುತ್ತಾರೆ, ದಾಸ್ತಾನಿದ್ದರೆ, ಕೂಲಿ ಬಿಟ್ಟು ಬರಲಾದರೆ. ದಾಸ್ತಾನೂ ಇಲ್ಲದೆ ದುಡ್ಡೂ ಇಲ್ಲದೆ ಮಾತ್ರೆ ನಿಲ್ಲಿಸಿದವನಿಗೆ ಒಂದು ದಿನ ಪಾರ್ಶ್ವವಾಯು ಬಡಿದರೆ ಆಗ ಅವನು ಈ ಶಾಸ್ತ್ರಕ್ಕೆ ಅಧಿಕಾರಿಯಾಗುತ್ತಾನೆ, ತುರ್ತು ಪ್ರಕರಣವಾಗಿ, ರೆಫರಲ್ ಚೀಟಿಯ ಹಂಗೂ ಇಲ್ಲದೆ.