ಪಾತ್ರೆ ಕಾಯುವ ಮಹಾನುಭಾವರು

ಹೆಂಡತಿ ಬೇಡವಾದರೂ ಅವಳ ಇಡ್ಲಿ ಪಾತ್ರೆ ಬೇಕು ಎನ್ನುವ ಗಂಡಸರಿಗೆ ನಮ್ಮ ಸಮಾಜ ಇನ್ನೂ ಸರಿಯಾಗಿ ಸನ್ಮಾನ ಮಾಡಿಲ್ಲ. ಶಾಲು, ಹಾರ, ಫಲತಾಂಬೂಲ ಯಾರ್ಯಾರಿಗೋ ಸಲ್ಲುತ್ತಿವೆ. ವಿಚ್ಛೇದನವಾಗಿ ವರ್ಷಗಳಾದರೂ ಅವಳ ಬೀರು, ಗ್ರೈಂಡರು, ತವರಿನವರು ಕೊಟ್ಟ ಬೆಳ್ಳಿ ದೀಪ ಯಾವುದೂ ಹೊಸಿಲು ದಾಟದಂತೆ ಕಾದುಕೊಂಡು ಕೂತ ಈ ತ್ಯಾಗಜೀವಿಗಳಿಗೆ ಒಂದು ನಿಂಬೆಹಣ್ಣು ಕೊಟ್ಟವರೂ ಇಲ್ಲ.

ಇವರನ್ನು ಗುರುತಿಸಿದ್ದು ಸುಪ್ರೀಂ ಕೋರ್ಟ್. ಸ್ತ್ರೀಧನ ಪೂರ್ತಿಯಾಗಿ ಹೆಂಡತಿಯ ಸ್ವತ್ತು, ಗಂಡನ ಮನೆಯಲ್ಲಿದ್ದರೂ ಅದು ನಂಬಿಕೆಯ ಮೇಲೆ ಇಟ್ಟದ್ದಷ್ಟೆ ಎಂದು 1985ರ ಪ್ರತಿಭಾ ರಾಣಿ ಪ್ರಕರಣದಲ್ಲಿ ಅದು ಹೇಳಿತು. ಕೇಳಿದಾಗ ಕೊಡದಿದ್ದರೆ ನಂಬಿಕೆದ್ರೋಹದ ಅಪರಾಧ ಎಂದೂ ಸೇರಿಸಿತು. ನಮ್ಮವರು ಮೊದಲರ್ಧವನ್ನೇ ನೇಮಕದ ಆದೇಶವೆಂದು ಕಣ್ಣಿಗೊತ್ತಿಕೊಂಡು ಕೆಲಸಕ್ಕೆ ಹಾಜರಾದರು. ಸರ್ಕಾರವೂ ಇವರ ಸೇವೆಯನ್ನು ಮರೆತಿಲ್ಲ. ಹಳೆಯ ದಂಡ ಸಂಹಿತೆಯಲ್ಲಿ ಈ ಅಪರಾಧಕ್ಕೆ ಹೆಚ್ಚೆಂದರೆ 3 ವರ್ಷ ಸಿಗುತ್ತಿದ್ದ ಉಚಿತ ಊಟ, ವಸತಿಯನ್ನು 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ 5 ವರ್ಷಕ್ಕೆ ಏರಿಸಿದೆ.

ಕೊಡುವುದಿಲ್ಲ ಎಂದು ಇವರು ಎಂದೂ ಬಾಯಿಬಿಟ್ಟು ಹೇಳುವವರಲ್ಲ. ಆಷಾಢ ಕಳೆಯಲಿ ಅನ್ನುತ್ತಾರೆ. ಆಮೇಲೆ ಪಿತೃಪಕ್ಷ, ಅದು ಮುಗಿದರೆ ಧನುರ್ಮಾಸ. ಇನ್ನೊಂದು ಮದುವೆಗೆ ಮಾತ್ರ ಬರುವ ಶ್ರಾವಣದಲ್ಲೇ ಮುಹೂರ್ತ ಸಿಕ್ಕಿಬಿಡುತ್ತದೆ, ಅದು ಬೇರೆ ವಿಷಯ.

ಕೊಡುವಾಗ ಇವರದು ಧಾರಾಳ ಕೈ. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಬಾಗಿಲಲ್ಲಿ ಒಂದು ಕಾಲಕ್ಕೆ ತನ್ನದೂ ಹೆಸರಿದ್ದ ಹೆಂಗಸೊಬ್ಬಳು ಗೇಟಿನಲ್ಲಿ ವಿಸಿಟರ್ಸ್ ರಿಜಿಸ್ಟರ್ ತುಂಬುತ್ತಿದ್ದಳು. “ಮೇಡಂ, ಪರ್ಪಸ್ ಕಾಲಂ ಖಾಲಿ ಬಿಡಂಗಿಲ್ಲ” ಅಂದ ಸೆಕ್ಯುರಿಟಿ. “ಕುಕ್ಕರ್” ಎಂದು ಬರೆದಳು. ಮೇಲಿನಿಂದ ಬಟ್ಟೆ ಅಂಗಡಿಯ ಒಂದು ಕವರು ಇಳಿದು ಬಂತು. ಅದರಲ್ಲಿ ಹೇರ್‌ಕ್ಲಿಪ್ಪು, ಒಂಟಿ ಓಲೆ, ಕಡ್ಡಿ ಮುರಿದ ಛತ್ರಿ. ಕುಕ್ಕರ್ ಇರಲಿಲ್ಲ, ಅದರ ಗ್ಯಾಸ್ಕೆಟ್ ಇತ್ತು, ಅದೂ ಹಳೆಯದು.

ಕುಕ್ಕರ್ ನಿನ್ನದು ಅನ್ನುವುದಕ್ಕೆ ಬಿಲ್ ಎಲ್ಲಿ ಎಂಬ ಪ್ರಶ್ನೆಯಲ್ಲೂ ನ್ಯಾಯವಿದೆ. ಮದುವೆಯ ಉಡುಗೊರೆಗಳ ಪಟ್ಟಿ ಬರೆದು ವಧೂವರರಿಬ್ಬರೂ ಸಹಿ ಹಾಕಬೇಕೆಂದು ಕೇಂದ್ರ ಸರ್ಕಾರ ಅದೇ 1985ರಲ್ಲಿ ನಿಯಮ ಮಾಡಿದೆ. ಛತ್ರದಲ್ಲಿ ನೋಟ್‌ಬುಕ್ ಹಿಡಿದು ಮುಯ್ಯಿಯ ಲೆಕ್ಕ ಪೈಸೆಪೈಸೆಯಾಗಿ ಬರೆಯುವ ಸೋದರಮಾವನ ಹತ್ತಿರ ಈ ಪಟ್ಟಿಯ ಮಾತೆತ್ತಿ ನೋಡಿ. “ಶುಭಕಾರ್ಯದಲ್ಲಿ ಅಪಶಕುನ ನುಡೀಬೇಡ” ಎಂದು ಗದರುತ್ತಾನೆ. ಹಾಗಾಗಿ ಕೊನೆಗೆ ಉಳಿಯುವ ಸಾಕ್ಷಿ ಎಂದರೆ ಸ್ಟೀಲ್ ದಬರಿಯ ಮೇಲೆ ಚುಕ್ಕಿಚುಕ್ಕಿಯಾಗಿ ಕೊರೆಸಿದ ಅತ್ತೆಯದೋ ದೊಡ್ಡಪ್ಪನದೋ ಹೆಸರು ಮತ್ತು ಮದುವೆಯ ತಾರೀಖು. ಸಂಸಾರ ಮಾಡಿದಷ್ಟು ಕಾಲ ಒಂದು ಲೋಟ ತೊಳೆಯದಿದ್ದ ಮಹಾನುಭಾವರು ಈಗ ಆ ದಬರಿಯನ್ನು ಎಷ್ಟು ಶ್ರದ್ಧೆಯಿಂದ ತಿಕ್ಕುತ್ತಾರೆಂದರೆ ಅಕ್ಷರಗಳು ಒಂದೊಂದಾಗಿ ಮಾಯವಾಗುತ್ತಿವೆ.

ಮದುವೆಗೆ ಪಾತ್ರೆ ಕೊಡುವವರಲ್ಲಿ ವಿನಂತಿ: ನಿಮ್ಮ ಹೆಸರಿನ ಬದಲು ಹುಡುಗಿಯ ಹೆಸರನ್ನೇ ಕೊರೆಸಿ, ತುಸು ಆಳವಾಗಿ ಕೊರೆಸಿ. ಬಿಲ್ಲನ್ನು ಅವಳ ಅಮ್ಮನ ಕೈಗೆ ಕೊಡಿ.