ಮೊಳೆಯ ಪಕ್ಕದ ಕಾಸು

ಇಂಗ್ಲೆಂಡಿನ ಸಫೋಕ್ ಸೀಮೆಯಲ್ಲಿ ಕೊಯ್ಲು ಮುಗಿದ ಮೇಲೆ ಭಾನುವಾರಗಳಂದು ಹೊಲದ ತುಂಬ ನೆಲ ಸವರುವವರು ಕಾಣುತ್ತಾರೆ. ಕಿವಿಗೆ ಹೆಡ್‌ಫೋನು, ಕೈಯಲ್ಲಿ ಕೋಲು, ಕೋಲಿನ ತುದಿಗೆ ತಟ್ಟೆಯಂಥದ್ದು. ಅವರ ಪೈಕಿ ಚೀಲದಲ್ಲಿ ಚಿತ್ರಾನ್ನದ ಡಬ್ಬಿ ಇರುವವರು ನಮ್ಮ ಅಳಿಯಂದಿರು. ಮನೆಯಲ್ಲಿ ಅವರು ಪೊರಕೆ ಮುಟ್ಟಿದ್ದನ್ನು ನಾನು ಕಂಡಿಲ್ಲ. ಪರರ ಹೊಲವನ್ನು ಮಾತ್ರ ಅಂಗುಲ ಬಿಡದೆ ಗುಡಿಸಿ ಬರುತ್ತಾರೆ.

ಮಗಳ ಬಾಣಂತನಕ್ಕೆಂದು ಹೋದ ನನಗೆ ಮೆಟಲ್ ಡಿಟೆಕ್ಟರಿನ ಪಾಠವೂ ಆಯಿತು. ಮಗಳು ಕೇಳುವುದನ್ನು ಯಾವತ್ತೋ ಬಿಟ್ಟಿದ್ದಳು. ಹೊಸ ಕಿವಿ ಸಿಕ್ಕಿತೆಂದು ಅಳಿಯಂದಿರು ನನ್ನನ್ನು ಹಿಡಿದರು. ಪಾಠವೆಲ್ಲ ಒಂದೇ ವಿಷಯದ ಮೇಲೆ: ರಿಕವರಿ ಸ್ಪೀಡ್. ಒಂದು ಲೋಹಕ್ಕೆ ಕೂಗಿದ ಮೆಷೀನು ಸಾವರಿಸಿಕೊಂಡು ಮುಂದಿನದಕ್ಕೆ ಕಿವಿಗೊಡಲು ಎಷ್ಟು ಹೊತ್ತು ಹಿಡಿಯುತ್ತದೆ ಅನ್ನುವ ಲೆಕ್ಕ ಅದು. ಅವರ ಈಕ್ವಿನಾಕ್ಸ್ 800ರಲ್ಲಿ ಇದನ್ನು ಒಂದರಿಂದ ಎಂಟರವರೆಗೆ ಇಡಬಹುದು. ಒಂದಕ್ಕಿಟ್ಟರೆ ನಿಧಾನ, ಆಳದಲ್ಲಿರುವುದರ ಕ್ಷೀಣ ದನಿಯನ್ನೂ ಸಾವಕಾಶವಾಗಿ ಕೇಳಿ ತುಂಬುಗಂಟಲಲ್ಲಿ ಹೇಳುತ್ತದೆ. ಆದರೆ ಕಾಸಿನ ಪಕ್ಕ ಮೊಳೆಯಿದ್ದರೆ ಎರಡೂ ಸದ್ದು ಕಲಸಿ ಒಂದಾಗುತ್ತವೆ. ಕಬ್ಬಿಣ ಬೇಡವೆಂದು ಮೊದಲೇ ಹೇಳಿಟ್ಟಿರುವುದರಿಂದ ಮೊಳೆಯ ಜೊತೆ ಕಾಸನ್ನೂ ನುಂಗಿ ಮೆಷೀನು ಸುಮ್ಮನಾಗುತ್ತದೆ. ಎಂಟಕ್ಕಿಟ್ಟರೆ ಮೊಳೆಯನ್ನು ದಾಟಿ ಕಾಸಿಗೆ ಬೇರೆಯಾಗಿ ‘ಟಿಣ್’ ಅನ್ನುತ್ತದೆ. ಆಳದ್ದು ಮಾತ್ರ ಕೈತಪ್ಪುತ್ತದೆ.

ನನಗಿದು ತಕ್ಷಣ ಹೊಳೆಯಿತು. ಕೂಡುಕುಟುಂಬದ ಅಡಿಗೆಮನೆಯಲ್ಲಿ ಪಳಗಿದ ಕಿವಿ ನನ್ನದು. ಬಿದ್ದದ್ದು ಹಿತ್ತಾಳೆ ಚೊಂಬೋ ಸ್ಟೀಲ್ ಲೋಟವೋ ಅಂತ ದೇವರಮನೆಯಲ್ಲಿ ಕೂತೇ ಹೇಳಬಲ್ಲೆ. ಎರಡೂ ಒಟ್ಟಿಗೆ ಬಿದ್ದರೆ ಮಾತ್ರ ಎದ್ದು ಹೋಗಿ ನೋಡಬೇಕು.

“ಎಂಟಕ್ಕಿಟ್ರೆ ಆಳ ಹೋಗುತ್ತೆ ಅತ್ತೆ, ಎರಡಕ್ಕಿಟ್ರೆ ಮೊಳೆ ತಿಂದುಹಾಕುತ್ತೆ.”

“ನಾಲ್ಕಕ್ಕಿಡಿ ಮತ್ತೆ.”

ಅಳಿಯಂದಿರು ನಕ್ಕರು. ಅಷ್ಟು ಸಲೀಸಲ್ಲವಂತೆ. ಬೀಸುವ ಕೈಯ ವೇಗವೂ ಹೊಂದಬೇಕು, ಮಣ್ಣಿನ ಗುಣವೂ ನೋಡಬೇಕು. ಇಷ್ಟೆಲ್ಲ ಫಜೀತಿ ಯಾಕೆ, ಮೊಳೆಗಳೇ ಇಲ್ಲದ ಹೊಲಕ್ಕೆ ಹೋಗಬಾರದೇ ಅಂದೆ. ಅಲ್ಲೇ ಇರುವುದು ತೊಡಕು. ಜನ ಬಾಳಿದ ಕಡೆ ಕುದುರೆಲಾಳದ ಮೊಳೆ, ನೇಗಿಲಿನ ಚೂರು ಬಿದ್ದೇ ಇರುತ್ತವೆ. ಕಬ್ಬಿಣವೇ ಇಲ್ಲದ ಕಡೆ ಯಾರೂ ಬಾಳಿರುವುದಿಲ್ಲ, ಯಾರ ಜೇಬಿನಿಂದಲೂ ಏನೂ ಉದುರಿರುವುದಿಲ್ಲ. ಉದುರಿಸಿದವರಾದರೂ ಎಂಥವರು! 1279ಕ್ಕೆ ಮುಂಚೆ ಚಿಲ್ಲರೆ ಬೇಕಾದಾಗ ಬೆಳ್ಳಿಯ ಪೆನ್ನಿಯನ್ನೇ ಕತ್ತರಿಸಿ ಅರ್ಧ, ಕಾಲು ಮಾಡಿಕೊಳ್ಳುತ್ತಿದ್ದ ಜನ. ಎಲೆಯಷ್ಟು ತೆಳ್ಳಗಿನ ಆ ಕಾಲು ತುಣುಕು ಮಣ್ಣಲ್ಲಿ ನೆಟ್ಟಗೆ ನಿಂತು, ಮಗ್ಗುಲಲ್ಲೊಂದು ಮೊಳೆಯನ್ನೂ ಇಟ್ಟುಕೊಂಡರೆ ಯಾವ ಮೆಷೀನು ತಾನೇ ಕಂಡುಹಿಡಿದೀತು?

ಈ ಗೋಳು ಶುರುವಿನಿಂದಲೂ ಇದ್ದದ್ದೇ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡರಿಗೆ ಗುಂಡೇಟು ಬಿದ್ದಾಗ, ಮೈಯೊಳಗಿನ ಗುಂಡು ಹುಡುಕಲು ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಇಂಥದ್ದೇ ಉಪಕರಣ ಹಿಡಿದು ಬಂದರು. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ದಾರಿ ತಪ್ಪಿಸಿದವು ಅನ್ನುತ್ತಾರೆ. ಸಾಲದ್ದಕ್ಕೆ ದೊಡ್ಡ ಡಾಕ್ಟರು ಬಲಗಡೆ ಮಾತ್ರ ಹುಡುಕಲು ಬಿಟ್ಟರು. ಗುಂಡು ಎಡಗಡೆ ಇತ್ತು. ಎಂಟು ನಂಬರಿನ ಗುಂಡಿಯಿದ್ದರೂ ಆ ಡಾಕ್ಟರರನ್ನು ಏನೂ ಮಾಡಲಾಗುತ್ತಿರಲಿಲ್ಲ.

ಇನ್ನು ನಮ್ಮ ಸಫೋಕಿನದೇ ಹಾಕ್ಸನ್ ಹಳ್ಳಿಯ ಕಥೆ. 1992ರಲ್ಲಿ ಅಲ್ಲಿನ ರೈತರೊಬ್ಬರ ಸುತ್ತಿಗೆ ಹೊಲದಲ್ಲಿ ಕಳೆದುಹೋಯಿತು. ಅವರ ಸ್ನೇಹಿತ ಎರಿಕ್ ಲಾಸ್ ಡಿಟೆಕ್ಟರ್ ತಂದು ಹುಡುಕಿಕೊಡಲು ಹೊರಟರು. ಸಿಕ್ಕಿದ್ದು ರೋಮನ್ನರ ಕಾಲದ ನಿಧಿ: ಸುಮಾರು 15,000 ನಾಣ್ಯ, ಚಿನ್ನದ ಒಡವೆ, ಬೆಳ್ಳಿ ಚಮಚ. ಸುತ್ತಿಗೆಯೂ ಸಿಕ್ಕಿತು, ನಿಧಿಯ ಜೊತೆಗೆ ಅದೂ ಬ್ರಿಟಿಷ್ ಮ್ಯೂಸಿಯಂ ಸೇರಿತು. ಈ ಕಥೆ ಹೇಳುವಾಗ ಅಳಿಯಂದಿರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಲೋಕವೆಲ್ಲ ಕಬ್ಬಿಣ ಬೇಡವೆಂದು ನಂಬರು ತಿರುವುತ್ತಿರುವಾಗ ಆ ಮಹಾನುಭಾವ ಹುಡುಕಲು ಹೋದದ್ದೇ ಕಬ್ಬಿಣದ ತಲೆಯ ಸುತ್ತಿಗೆಯನ್ನು!

ಒಂದು ದಿನ ನಾನೂ ಜೊತೆಗೆ ಹೋದೆ. ನನಗೆ ಕೇಳಲೆಂದು ಹೆಡ್‌ಫೋನು ಕಿತ್ತು, ಆರಕ್ಕಿಟ್ಟು ಬೀಸಿದರು. ಏನಿಲ್ಲ, ಏನಿಲ್ಲ, ಆಮೇಲೆ ಅರ್ಧ ‘ಟಿಣ್’. ಅಡ್ಡ ತಿರುಗಿ ಬೀಸಿದರೆ ಅದೂ ಇಲ್ಲ. ಮೊಳೆಯೇ ಇರಬೇಕು, ಕಬ್ಬಿಣವೂ ಒಮ್ಮೊಮ್ಮೆ ಬೆಳ್ಳಿಯ ದನಿ ತೆಗೆಯುತ್ತೆ ಎಂದು ಅಳಿಯಂದಿರು ಮುಂದೆ ಹೊರಟರು. “ಅದು ಮೊಳೆಯ ದನಿ ಅಲ್ಲಾರೀ, ಅಗೀರಿ” ಅಂದೆ. ಅತ್ತೆಯ ಮಾತು ತೆಗೆದುಹಾಕುವ ಧೈರ್ಯವಾಗದೆ ಅಗೆದರು. ಮೊದಲು ತುಕ್ಕು ಹಿಡಿದ ಮೊಳೆ ಬಂತು, ಹಿಂದೆಯೇ ಕಾಲು ಪೆನ್ನಿ.

ಸಿಕ್ಕಿದ್ದರಲ್ಲಿ ಹೊಲದ ಯಜಮಾನನಿಗೆ ಅರ್ಧ ಪಾಲು ಎಂದು ಮಾತಾಗಿತ್ತು. ಕಾಲರಲ್ಲಿ ಅರ್ಧ! ಆತ ನಮ್ಮ ನಿಧಿಯನ್ನು ಕನ್ನಡಕ ಏರಿಸಿ ನೋಡಿ, ಇದನ್ನು ನೀವೇ ಇಟ್ಟುಕೊಳ್ಳಿ, ನನ್ನ ಟ್ರ್ಯಾಕ್ಟರಿನ ಪಿನ್ನೊಂದು ಅಲ್ಲೇ ಎಲ್ಲೋ ಬಿದ್ದಿದೆ, ಅದು ಸಿಕ್ಕರೆ ತಂದುಕೊಡಿ ಅಂದ.

ಆ ರಾತ್ರಿ ಊಟಕ್ಕೆ ಎಷ್ಟು ಕರೆದರೂ ಅಳಿಯಂದಿರು ಏಳಲಿಲ್ಲ. ಟ್ರ್ಯಾಕ್ಟರ್ ಪಿನ್ನಿಗೆ ಎಷ್ಟಕ್ಕಿಡಬೇಕು ಅಂತ ಮ್ಯಾನುಯಲ್ ಓದುತ್ತಿದ್ದರು.